ಒಂದೇ ವಿಳಾಸದ ನಾಲ್ಕು ತಾಲ್ಲೂಕು

ಎರಡು ವರ್ಷಗಳ ಹಿಂದೆ, ಜುಲೈ ತಿಂಗಳ ಒಂದು ಸೋಮವಾರ, ಕ್ಲಿನಿಕಲ್ ಸೈಕಾಲಜಿಯಲ್ಲಿ ನಮ್ಮ ದೇಶ ಮಾಡಿರುವ ಸಂಶೋಧನೆಯನ್ನು ಅಳೆದ ವರದಿ ಬೆಂಗಳೂರಿನ ನಮ್ಮ ಸಂಸ್ಥೆಯ ಪರಿಶೀಲನಾ ಸಮಿತಿಯ ಮುಂದೆ ಬಂತು. ವರದಿಯ ಜೊತೆ ಒಂದು ನಕ್ಷೆ ಇತ್ತು. ಎರಡು ಊರಿನವರು ಸೇರಿ ಒಂದು ಲೇಖನ ಬರೆದಿದ್ದರೆ ಆ ಎರಡು ಊರುಗಳ ನಡುವೆ ಒಂದು ಗೆರೆ. ಬೆಂಗಳೂರಿನಿಂದ ದೆಹಲಿಗೆ, ಪುಣೆಗೆ, ಸಮುದ್ರ ದಾಟಿ ಲಂಡನ್ನಿಗೆ ಗೆರೆಗಳು ಹೋಗಿದ್ದವು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಇರುವ ಜಾಗ ಖಾಲಿಯಾಗಿತ್ತು.

ಈ ನಾಲ್ಕೂ ಊರುಗಳಲ್ಲಿ ನಮ್ಮ ಸಂಸ್ಥೆಯ ಮಾನಸಿಕ ಆರೋಗ್ಯ ಕ್ಲಿನಿಕ್‌ಗಳಿದ್ದವು. ಒಂದೊಂದರಲ್ಲಿ ಒಬ್ಬೊಬ್ಬ ಮನಶ್ಶಾಸ್ತ್ರಜ್ಞರು ಇದ್ದರು. ಸಂಶೋಧನೆ ನಡೆಯದ ಕ್ಲಿನಿಕ್‌ಗಳನ್ನು ತಿಂಗಳಿಗೆ ಒಂದು ದಿನಕ್ಕೆ ಇಳಿಸಿ, ಅಲ್ಲಿನವರನ್ನು ಬೆಂಗಳೂರಿಗೆ ವಾಪಸ್ ಕರೆಸಿಕೊಳ್ಳುವ ಪ್ರಸ್ತಾಪ ಸಮಿತಿಯ ಮುಂದಿತ್ತು. ಡಿಸೆಂಬರಿನೊಳಗೆ ತೀರ್ಮಾನ ಆಗಬೇಕಿತ್ತು. ಆ ನಕ್ಷೆ ತಯಾರಿಸಿದ್ದು ನಾನಿದ್ದ ದಾಖಲಾತಿ ವಿಭಾಗ.

ಈ ಕೆಲಸಕ್ಕೆ ಈಗ ಹೊಸಬರು ಬರುತ್ತಿದ್ದಾರೆ. ಕಂಪ್ಯೂಟರು ಲೆಕ್ಕ ಮಾಡುತ್ತದೆ, ನಾವು ಗುಂಡಿ ಒತ್ತಿದರೆ ಸಾಕು ಎಂದುಕೊಂಡು ಬರುವವರೂ ಇದ್ದಾರೆ. ಅವರಿಗೆ ಕೆಲಸ ನಿಜಕ್ಕೂ ಹೇಗಿತ್ತು ಎಂದು ಹೇಳುವುದಕ್ಕೆ ಇದನ್ನು ಬರೆಯುತ್ತಿದ್ದೇನೆ.

ನಾನು ಸೇರಿದಾಗ ಕಂಪ್ಯೂಟರು ಇರಲಿಲ್ಲ. ಪತ್ರಿಕೆಗಳಲ್ಲಿ ಬಂದ ಲೇಖನಗಳನ್ನು ಪಟ್ಟಿ ಮಾಡಿದ ದಪ್ಪ ಸಂಪುಟಗಳು ಹಡಗಿನಲ್ಲಿ ಬರುತ್ತಿದ್ದವು, ತಡವಾಗಿ. ನಾವು ಅವುಗಳ ಮೇಲೆ ಅಡ್ಡಪಟ್ಟಿ ಇಟ್ಟು ಸಾಲು ಸಾಲಾಗಿ ಓದಿ, ಭಾರತದ ವಿಳಾಸ ಕಂಡರೆ ಒಂದು ಕಾರ್ಡ್ ಬರೆಯುತ್ತಿದ್ದೆವು. ಲೇಖಕರು ಯಾರು, ಎಲ್ಲಿಯವರು, ಜೊತೆಗೆ ಯಾರು ಬರೆದರು. ಕಾರ್ಡುಗಳನ್ನು ಬಿಸ್ಕತ್ತಿನ ಖಾಲಿ ರಟ್ಟಿನ ಡಬ್ಬಗಳಲ್ಲಿ ಜೋಡಿಸುತ್ತಿದ್ದೆವು. ಹಾಗಾಗಿ ಬಹಳ ಕಾಲ ದೇಶದ ಆತಂಕ, ಖಿನ್ನತೆ, ನೆನಪಿನ ತೊಂದರೆಗಳ ಸಂಶೋಧನೆಗೆ ಗ್ಲೂಕೋಸ್ ಬಿಸ್ಕತ್ತಿನ ವಾಸನೆ ಇತ್ತು.

ಯಾವುದು ಕ್ಲಿನಿಕಲ್ ಸೈಕಾಲಜಿ, ಯಾವುದು ಅಲ್ಲ ಎನ್ನುವುದೇ ಮೊದಲ ಜಗಳ. ನಮ್ಮ ನಿಯಮದಲ್ಲಿ ಲೇಖನ ಯಾವ ಪತ್ರಿಕೆಯಲ್ಲಿ ಬಂತು ಎನ್ನುವುದಷ್ಟೇ ಮುಖ್ಯ. ರೇಷ್ಮೆ ಸಾಕುವವರ ಮನಸ್ಸಿನ ಒತ್ತಡದ ಬಗ್ಗೆ ಒಬ್ಬರು ಒಳ್ಳೆಯ ಲೇಖನ ಬರೆದು ಕೃಷಿ ಪತ್ರಿಕೆಗೆ ಕಳಿಸಿದ್ದರು. ಅದು ನಮ್ಮಲ್ಲಿ ಲೆಕ್ಕಕ್ಕೆ ಬರಲಿಲ್ಲ. ಇಲಿಗಳನ್ನು ಹೆದರಿಸಿ ಬರೆದ ಇನ್ನೊಂದು ಲೇಖನ ಸರಿಯಾದ ಪತ್ರಿಕೆಯಲ್ಲಿ ಬಂದಿದ್ದರಿಂದ ಲೆಕ್ಕಕ್ಕೆ ಬಂತು. ಕನ್ನಡದಲ್ಲಿ ಬರೆದದ್ದಂತೂ ದೇಶದ ಲೆಕ್ಕದಲ್ಲೇ ಇರಲಿಲ್ಲ. ದೂರು ಹೇಳಲು ಬಂದವರಿಗೆ ನಮ್ಮ ಮುಖ್ಯಸ್ಥ ವೆಂಕಟರಮಣಯ್ಯನವರು ಕಾಫಿ ಕೊಡಿಸಿ ಕಳಿಸುತ್ತಿದ್ದರು. ನಿಯಮ ಮಾತ್ರ ಬದಲಾಗುತ್ತಿರಲಿಲ್ಲ.

ವೆಂಕಟರಮಣಯ್ಯನವರು ಪಾವಗಡದ ಕಡೆಯವರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಅವರ ಜೀವನದ ದೊಡ್ಡ ಸಾಧನೆ ಒಂದು ಸುತ್ತೋಲೆ. ಅದಕ್ಕೆ ಮೊದಲು ನಮ್ಮ ಸಂಸ್ಥೆಯವರು ಲೇಖನಗಳಲ್ಲಿ ಮನಸ್ಸಿಗೆ ಬಂದ ಹಾಗೆ ವಿಳಾಸ ಬರೆಯುತ್ತಿದ್ದರು. ಒಬ್ಬರು ವಿಭಾಗದ ಹೆಸರು, ಒಬ್ಬರು ಆಸ್ಪತ್ರೆಯ ಹೆಸರು, ಒಬ್ಬರು ತಾಲ್ಲೂಕು ಕ್ಲಿನಿಕ್‌ನ ಹೆಸರು. ಒಂದೇ ಸಂಸ್ಥೆಯ ಕೆಲಸ ಹತ್ತು ಹೆಸರುಗಳಲ್ಲಿ ಚೆಲ್ಲಾಪಿಲ್ಲಿಯಾಗಿ, ದೇಶದ ಪಟ್ಟಿಯಲ್ಲಿ ನಾವು ಎಲ್ಲೋ ಕೆಳಗೆ ಕಾಣುತ್ತಿದ್ದೆವು. ಅವರು ಎಲ್ಲರಿಗೂ ಒಂದೇ ವಿಳಾಸ ಎಂದು ಆದೇಶ ಮಾಡಿಸಿದರು. ಯಾವ ಊರಿನಲ್ಲಿ ಕೆಲಸ ಮಾಡಿದರೂ ಬರೆಯಬೇಕಾದದ್ದು ಬೆಂಗಳೂರಿನ ಮುಖ್ಯ ಕಚೇರಿಯ ವಿಳಾಸ. ಮರುವರ್ಷ ಸಂಸ್ಥೆ ಪಟ್ಟಿಯಲ್ಲಿ ಮೇಲೆ ಬಂತು. ವಿಭಾಗಕ್ಕೆ ಮೈಸೂರುಪಾಕು ಬಂತು.

ಇದರ ನಂತರದ ಪ್ರಕರಣ ಡಾಕ್ಟರ್ ಮುರಳೀಧರ ಅವರದು. ಅವರು ನಮ್ಮ ಹಿರಿಯ ಮನಶ್ಶಾಸ್ತ್ರಜ್ಞರು. ಒಂದು ವರ್ಷ ವಿದೇಶದ ವಿಶ್ವವಿದ್ಯಾಲಯವೊಂದರಲ್ಲಿದ್ದು ವಾಪಸ್ ಬಂದಿದ್ದರು. ಅಲ್ಲಿಯವರು ಗೌರವ ಹುದ್ದೆ ಕೊಟ್ಟಿದ್ದರಿಂದ ತಮ್ಮ ಲೇಖನಗಳಲ್ಲಿ ಆ ವಿಳಾಸವನ್ನೂ ನಮ್ಮ ವಿಳಾಸವನ್ನೂ ಹಾಕುತ್ತಿದ್ದರು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಕಂಪ್ಯೂಟರು ಮನುಷ್ಯರನ್ನು ನೋಡುವುದಿಲ್ಲ, ವಿಳಾಸ ನೋಡುತ್ತದೆ. ಎರಡು ದೇಶದ ವಿಳಾಸ ಕಂಡರೆ ಅಂತರರಾಷ್ಟ್ರೀಯ ಸಹಯೋಗ ಎಂದು ಗೆರೆ ಎಳೆಯುತ್ತದೆ. ಅವರು ಒಬ್ಬರೇ ಕೂತು ಬರೆದ ಲೇಖನಗಳಿಗೂ ಗೆರೆ ಎಳೆಯಿತು. ನಮ್ಮ ವರದಿಯಲ್ಲಿ ಈ ವಿದೇಶೀ ಸಹಯೋಗಕ್ಕೆ ಒಂದು ಪ್ಯಾರಾ ಮೀಸಲಾಯಿತು.

ಆ ವಿಶ್ವವಿದ್ಯಾಲಯದ ಅಧಿಕಾರಿಯೊಬ್ಬರು ಬೇರೆ ಕೆಲಸಕ್ಕೆ ಬೆಂಗಳೂರಿಗೆ ಬಂದವರು, ವರದಿ ಓದಿ, ತಮ್ಮವರು ಕೆಲಸ ಮಾಡುತ್ತಿರುವ ಜಾಗ ನೋಡಬೇಕು ಎಂದರು. ಅವತ್ತು ಗುರುವಾರ. ಚಿಕ್ಕಬಳ್ಳಾಪುರದ ಮನಶ್ಶಾಸ್ತ್ರಜ್ಞರು ಗುರುವಾರ ಹಳ್ಳಿಗಳಿಗೆ ಹೋಗುತ್ತಿದ್ದರು, ಅವತ್ತು ಮುರಳೀಧರ ಅವರು ಅಲ್ಲಿಯ ಕ್ಲಿನಿಕ್‌ನಲ್ಲಿರುತ್ತಿದ್ದರು. ವೆಂಕಟರಮಣಯ್ಯನವರು ಹೂವಿನ ಹಾರ ತರಿಸಿ, ನನ್ನನ್ನೂ ಜೀಪಿನಲ್ಲಿ ಹತ್ತಿಸಿಕೊಂಡು ಹೊರಟರು. ಕ್ಲಿನಿಕ್‌ನಲ್ಲಿ ಒಂದು ಮೇಜು, ಒಂದು ಕುರ್ಚಿ, ಒಂದು ಫ್ಲಾಸ್ಕು ಇತ್ತು.

ಅತಿಥಿ ಸುತ್ತ ನೋಡಿ, ನಮ್ಮ ಕಡೆಯ ತಂಡ ಎಲ್ಲಿ ಎಂದು ಕೇಳಿದರು.

ಮುರಳೀಧರ ಅವರು ಎದ್ದು ನಿಂತು, ನಾನೇ ಎಂದರು.

ಹಾಗಾದರೆ ಇಲ್ಲಿಯ ತಂಡ?

ಅದೂ ನಾನೇ ಎಂದರು.

ಅತಿಥಿ ಜೋರಾಗಿ ನಕ್ಕುಬಿಟ್ಟರು, ಹಾರ ಹಾಕಿಸಿಕೊಂಡರು, ಕಾಫಿ ಕುಡಿದರು. ವಾಪಸ್ ಬರುವಾಗ ವೆಂಕಟರಮಣಯ್ಯನವರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಯಲಹಂಕ ದಾಟಿದ ಮೇಲೆ, "ಸುಜಾತಾ, ಇದನ್ನ ಎಲ್ಲೂ ಬರೀಬೇಡಮ್ಮ" ಎಂದರು. ಅವರೂ ಈಗ ನಿವೃತ್ತರು. ಬರೆಯಲು ಅನುಮತಿ ಕೊಟ್ಟಿದ್ದಾರೆ. ಫ್ಲಾಸ್ಕಿನ ವಿಷಯ ಬಿಡಬಾರದು ಎಂದೂ ಹೇಳಿದ್ದಾರೆ.

ಆ ಪ್ಯಾರಾವನ್ನು ವರದಿಯಿಂದ ತೆಗೆದೆವು. ನಕ್ಷೆಯ ಗೆರೆಗಳು ಹಾಗೇ ಉಳಿದವು, ಏಕೆಂದರೆ ನಿಯಮ ಹಾಗಿತ್ತು.

ಜುಲೈನ ಸಭೆ ಮುಗಿದ ವಾರದಲ್ಲೇ ಚಿಂತಾಮಣಿಯಿಂದ ನಾಗವೇಣಿ ಫೋನ್ ಮಾಡಿದರು. ಅವರು ಅಲ್ಲಿಯ ಕ್ಲಿನಿಕ್‌ನ ಮನಶ್ಶಾಸ್ತ್ರಜ್ಞೆ. ತಾಯಿಯ ಮನೆ, ಗಂಡನ ಮನೆ ಎರಡೂ ಚಿಂತಾಮಣಿ. ತರಬೇತಿಯ ಕಾಲದಲ್ಲಿ ನಮ್ಮ ಗ್ರಂಥಾಲಯದಲ್ಲಿ ಕೂತು ಓದುತ್ತಿದ್ದವರು, ಆಗಿನಿಂದ ನನ್ನನ್ನು ಅಕ್ಕ ಎನ್ನುತ್ತಾರೆ.

"ಅಕ್ಕಾ, ನಾವು ಖಾಲಿ ಜಾಗ ಅಂತೆ?"

"ನಕ್ಷೆಯಲ್ಲಿ ಹಂಗೆ ಬಂದೈತೆ ಕಣಮ್ಮ."

"ನಕ್ಷೆ ಬರೆದೋರು ಒಂದ್ಸಲ ಬಂದು ನೋಡ್ಕೊಂಡು ಹೋಗಿ. ಬಸ್ ಚಾರ್ಜು ನಾನೇ ಕೊಡ್ತೀನಿ."

"ಹೆಂಗಸರಿಗೆ ಬಸ್ಸು ಫ್ರೀ ಅಲ್ವೇನೇ?"

"ಅದಕ್ಕೇ ಧೈರ್ಯವಾಗಿ ಹೇಳ್ದೆ."

ಶನಿವಾರ ಚಿಕ್ಕಬಳ್ಳಾಪುರದ ನನ್ನ ಮನೆಯಿಂದ ಹೊರಟು ಬೆಳಿಗ್ಗೆಯೇ ಚಿಂತಾಮಣಿ ತಲುಪಿದೆ. ಕ್ಲಿನಿಕ್ ಇದ್ದದ್ದು ಬಿತ್ತನೆ ಬೀಜದ ಅಂಗಡಿಯ ಮೇಲಿನ ಮಹಡಿಯಲ್ಲಿ. ಮೆಟ್ಟಿಲ ಬಳಿ ಟೊಮೆಟೊ ಕ್ರೇಟುಗಳ ಗೋಪುರ. ಮೇಲೆ ನಾಗವೇಣಿ ಮತ್ತು ಶಿಡ್ಲಘಟ್ಟದ ಕ್ಲಿನಿಕ್‌ನ ಫಯಾಜ್ ಕೂತಿದ್ದರು. ಖಿನ್ನತೆ ಇದೆಯೋ ಇಲ್ಲವೋ ಎಂದು ತಿಳಿಯಲು ಕೇಳುವ ಪ್ರಶ್ನಾವಳಿಯೊಂದನ್ನು ಈ ಕಡೆಯ ಜನರಿಗೆ ಹೊಂದಿಸುವ ಕೆಲಸ ಅವರದು. ಶಿಡ್ಲಘಟ್ಟದಲ್ಲಿ ಉರ್ದುವಿನಲ್ಲಿ ಕೇಳಬೇಕು, ಚಿಂತಾಮಣಿಯ ಹಳ್ಳಿಗಳಲ್ಲಿ ಅರ್ಧ ತೆಲುಗಿನಲ್ಲಿ. ಗೌರಿಬಿದನೂರು ಮತ್ತು ಚಿಕ್ಕಬಳ್ಳಾಪುರದವರೂ ಇದರಲ್ಲಿ ಸೇರಿದ್ದರು.

"ಸುಮ್ನೆ ಕೂತ್ಕೊಂಡು ನೋಡಿ ಅಕ್ಕ" ಎಂದರು ನಾಗವೇಣಿ.

ಕೆಂಚಾರ್ಲಹಳ್ಳಿಯಿಂದ ಬಂದಿದ್ದ, ರೇಷ್ಮೆ ಹುಳ ಸಾಕುವ ಮುನಿರತ್ನಮ್ಮ ಎಂಬ ಹೆಂಗಸು ಒಳಗೆ ಬಂದು, ನಾನು ಕೂತಿದ್ದಕ್ಕೆ ಅಡ್ಡಿಯಿಲ್ಲ ಎಂದು ಹೇಳಿ, ಬೆಂಚಿನ ತುದಿಯಲ್ಲಿ ಕೂತರು. ಎದ್ದು ಹೋಗಲು ಸುಲಭವಾಗಲಿ ಎಂಬಂತೆ.

"ಹೋದ ಎರಡು ವಾರದಲ್ಲಿ ಚೆನ್ನಾಗಿ ನಿದ್ದೆ ಬಂತಾ ಅಮ್ಮ?"

"ಪುರುಗು ಮೇಸ್ತಾ ಉಂಟೇ ನಿದ್ರ ಯಾಡಿದಮ್ಮಾ!" ಎಂದು ನಕ್ಕರು ಮುನಿರತ್ನಮ್ಮ. ನನ್ನ ಕಡೆ ತಿರುಗಿ, ನನಗೆ ತೆಲುಗು ಬರುವುದಿಲ್ಲ ಎಂದುಕೊಂಡು ಕನ್ನಡಕ್ಕೆ ಬಂದರು. "ನಾಲ್ಕನೇ ಜ್ವರ ಎದ್ದವೆ ಹುಳ, ಪೊರೆ ಬಿಟ್ಟವೆ. ಹಗಲೂ ರಾತ್ರಿ ಸೊಪ್ಪು ಹಾಕ್ತಾನೇ ಇರ್ಬೇಕು. ಹುಳ ಮೇಯೋವಾಗ ನಿದ್ದೆ ಮಾಡೋರು ಯಾರು?"

"ಊಟ ಸೇರ್ತದಾ?"

"ಮೊದ್ಲು ಹುಳಕ್ಕೆ. ಆಮೇಲೆ ಮಿಕ್ಕಿದ್ರೆ ನಂಗೆ."

"ಬೇರೆ ಕೆಲಸದಲ್ಲಿ ಮನಸ್ಸು ನಿಲ್ತದಾ?"

"ಮನಸ್ಸೆಲ್ಲ ಹುಳದ ಮನೇಲೇ ಐತೆ ತಾಯಿ. ನೀನು ಇಲ್ಲಿ ಕೂರ್ಸಿದ್ದೀಯ. ಬಿರ್ರನೆ ಬರ್ಕೊಂಡು ಕಳ್ಸು."

ಅವರು ಹೋದ ಮೇಲೆ ನಾಗವೇಣಿ ಉತ್ತರಗಳನ್ನು ಕೂಡಿದರು. "ಪುಸ್ತಕದ ಪ್ರಕಾರ ಈಯಮ್ಮನಿಗೆ ಖಿನ್ನತೆ. ಗೂಡು ಮಾರಿದ ಮೇಲೆ ಇದೇ ಪ್ರಶ್ನೆ ಕೇಳಿದ್ರೆ ಏನೂ ಇರಲ್ಲ. ಅದಕ್ಕೆ ಎರಡು ಸಲ ಕೇಳ್ತೀವಿ. ಹುಳ ಮೇಯೋವಾಗ ಒಂದ್ಸಲ, ಬೆಳೆ ಮುಗಿದ ಮೇಲೆ ಒಂದ್ಸಲ."

"ಬೆಳೆ ಮುಗಿದ ಮೇಲೂ ನಿದ್ದೆ ಬರದೋರು ಇರ್ತಾರಲ್ಲ" ಎಂದರು ಫಯಾಜ್. "ಅವರನ್ನ ಹುಡುಕೋದೇ ನಮ್ಮ ಕೆಲಸ ಮೇಡಂ. ತಿಂಗಳಿಗೊಂದು ದಿನ ಬಂದ್ರೆ ಹೆಂಗೆ ಸಿಕ್ತಾರೆ? ಬೆಳೆ ಹೆಚ್ಚುಕಮ್ಮಿ ತಿಂಗಳ ಲೆಕ್ಕ. ನಾವು ಬಂದಾಗೆಲ್ಲ ಹುಳ ಅದೇ ಜ್ವರದಲ್ಲಿ ಇರ್ತವೆ."

ಇವರು ಬರೆದ ಲೇಖನಗಳು ನಮ್ಮ ಲೆಕ್ಕದಲ್ಲಿ ಇದ್ದವು. ಕಳೆದುಹೋಗಿರಲಿಲ್ಲ. ನಾಲ್ಕು ಹೆಸರು, ನಾಲ್ಕರ ಕೆಳಗೂ ಬೆಂಗಳೂರಿನ ಒಂದೇ ವಿಳಾಸ. ಕಂಪ್ಯೂಟರಿಗೆ ಅದು ಒಂದು ಕಟ್ಟಡದೊಳಗಿನ ಕೆಲಸ. ಸಹಯೋಗ ಅಲ್ಲ, ಗೆರೆ ಇಲ್ಲ.

"ನಾವು ನಾಲ್ಕು ಜನ ಒಂದೇ ರೂಮಲ್ಲಿ ಕೂತು ಬರ್ದಂಗೆ ಕಾಣ್ಸುತ್ತೆ" ಎಂದರು ಫಯಾಜ್. "ಶಿಡ್ಲಘಟ್ಟದಿಂದ ಗೌರಿಬಿದನೂರಿಗೆ ಒಂದ್ಸಲ ನನ್ನ ಸ್ಕೂಟರಲ್ಲಿ ಬನ್ನಿ ಮೇಡಂ. ಸಹಯೋಗ ಎಲ್ಲೆಲ್ಲಿ ನೋಯ್ತದೆ ಅಂತ ಗೊತ್ತಾಗ್ತದೆ."

ಸೋಮವಾರ ವೆಂಕಟರಮಣಯ್ಯನವರ ಬಳಿ ಹೋದೆ. ಲೇಖಕರು ನಿಜವಾಗಿ ಕೂತು ಕೆಲಸ ಮಾಡಿದ ಊರನ್ನು ಹಿಡಿದು ಇನ್ನೊಂದು ನಕ್ಷೆ ಮಾಡೋಣ ಎಂದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಏನಮ್ಮ, ಹುಟ್ಟಿದ್ದು ಮಂಡಿಕಲ್ಲು, ಮನೆ ಚಿಕ್ಕಬಳ್ಳಾಪುರ. ನಿಮ್ಮ ಜಿಲ್ಲೆಗೆ ನಾಲ್ಕು ಗೆರೆ ಬೇಕು ಅಂತೀರಿ. ನಾಳೆ ನಾನು ಪಾವಗಡಕ್ಕೆ ಕೇಳ್ತೀನಿ, ಹಾಕ್ತೀರಾ?"

"ಅಲ್ಲಿ ಯಾರಾದ್ರೂ ಕೂತು ಕೆಲಸ ಮಾಡಿದ್ರೆ ಹಾಕಣ ಸಾರ್."

"ಸಮಿತಿ ಕ್ಲಿನಿಕ್ ಮುಚ್ತೀನಿ ಅಂದ ಮೇಲೆ ಅಳತೆಗೋಲು ಬದಲಾಯಿಸಿದ್ರೆ ಜನ ಏನಂತಾರೆ?"

ಆ ಪ್ರಶ್ನೆ ನ್ಯಾಯವಾದದ್ದು. ನಾಗವೇಣಿ ನನಗೆ ಬೇಕಾದವರು ಎನ್ನುವುದೂ ಅವರಿಗೆ ಗೊತ್ತಿತ್ತು. ಉತ್ತರ ಒಂದೇ ಇತ್ತು. ಹೊಸ ನಿಯಮ ಒಬ್ಬರಿಗಲ್ಲ, ಸಂಸ್ಥೆಯ ಎಲ್ಲರಿಗೂ ಅನ್ವಯಿಸಬೇಕು. ಒಬ್ಬ ಮನುಷ್ಯನಿಗೆ ಒಂದು ಊರು, ಅವನು ಕೆಲಸ ಮಾಡಿದ ಊರು. ಅದರಿಂದ ಗೆರೆ ಬಂದರೂ ಸರಿ, ಹೋದರೂ ಸರಿ ಎಂದೆ.

ಅವರು ಕನ್ನಡಕ ಮತ್ತೆ ಹಾಕಿಕೊಂಡು, "ಹಂಗಾದ್ರೆ ಮುರಳಿ ಗೆರೆಗಳು?" ಎಂದರು.

"ಹೋಗ್ತವೆ ಸಾರ್."

"ಎಲ್ಲಾ?"

"ಅವರು ಒಬ್ಬರೇ ಬರೆದಿದ್ದೆಲ್ಲ ಹೋಗ್ತವೆ."

ಅವರು ಕಾಫಿ ತರಿಸಿದರು. ಕುಡಿದು ಮುಗಿಸಿ, "ಶುರು ಮಾಡಿ" ಎಂದರು.

ದೇಶದ ಎಲ್ಲ ಲೇಖಕರನ್ನು ಕೇಳುವುದು ಸಾಧ್ಯವಿರಲಿಲ್ಲ. ನಮ್ಮ ಸಂಸ್ಥೆಯವರನ್ನು ಕೇಳಬಹುದಿತ್ತು. ಆಗಸ್ಟ್, ಸೆಪ್ಟೆಂಬರ್ ಪೂರ್ತಿ ಫೋನ್ ಹಿಡಿದು ಕೂತೆವು. ಈ ಲೇಖನದ ಕೆಲಸ ಮಾಡುವಾಗ ತಾವು ಎಲ್ಲಿದ್ದಿರಿ? ಪ್ರಶ್ನೆ ಸರಳ. ಉತ್ತರಗಳು ಹಾಗಿರಲಿಲ್ಲ. ಒಬ್ಬರು ರೈಲಿನಲ್ಲಿ ಎಂದರು. ಒಬ್ಬರು ಮಾವನ ಮನೆ ಎಂದು, ಮರುಕ್ಷಣ ಅದನ್ನು ಬರೆದುಕೊಳ್ಳಬೇಡಿ ಎಂದರು. ಹಿರಿಯ ಪ್ರಾಧ್ಯಾಪಕರೊಬ್ಬರು ತಮ್ಮ ಹೆಸರಿದ್ದ ಲೇಖನದ ಶೀರ್ಷಿಕೆ ಕೇಳಿ, "ಅದನ್ನ ನಾನು ಬರ್ದಿದ್ದೀನಾ? ಚೆನ್ನಾಗೈತಾ?" ಎಂದು ನಮ್ಮನ್ನೇ ಕೇಳಿದರು. ಹೊಸಬರಿಗೆ ನಾನು ಹೇಳುವುದು ಇಷ್ಟೇ: ವರ್ಷಕ್ಕೊಮ್ಮೆಯಾದರೂ ಪರದೆ ಬಿಟ್ಟು ಲೇಖಕರಿಗೆ ಫೋನ್ ಮಾಡಿ. ಬೇರೇನೂ ಅಲ್ಲದಿದ್ದರೆ ನಗುವುದಕ್ಕೆ ಸಿಗುತ್ತದೆ.

ಮುರಳೀಧರ ಅವರಿಗೆ ನಾನೇ ವಿಷಯ ತಿಳಿಸಿದೆ. ಸಂಸ್ಥೆಯಲ್ಲಿ ಅವರ ಮಾತಿಗೆ ತೂಕವಿತ್ತು. ಅವರು ಬೇಡ ಎಂದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು.

"ಅಂದ್ರೆ ನನ್ನ ಒಂದು ದೇಶ ಕಿತ್ಕೊಳ್ತೀರಿ" ಎಂದರು.

"ಒಂದು ಉಳಿಸ್ತೀವಿ ಸಾರ್."

"ಆಗ್ಲಿ ಬಿಡಿ. ಗುರುವಾರ ಬನ್ನಿ, ಉಳಿದಿರೋ ದೇಶದಲ್ಲಿ ಕಾಫಿ ಕೊಡ್ತೀನಿ."

ನವೆಂಬರಿನ ಸಭೆಗೆ ಎರಡು ನಕ್ಷೆ ತೆಗೆದುಕೊಂಡು ಹೋದೆವು. ಹಳೆಯದರಲ್ಲಿ ವಿದೇಶದ ಗೆರೆಗಳು ದಪ್ಪ, ನಮ್ಮ ನಾಲ್ಕು ತಾಲ್ಲೂಕು ಖಾಲಿ. ಹೊಸದರಲ್ಲಿ ಸಮುದ್ರದ ಮೇಲಿನ ಗೆರೆಗಳು ತೆಳ್ಳಗಾಗಿದ್ದವು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ನಡುವೆ ಗೆರೆಗಳು ಒಂದರ ಮೇಲೊಂದು ಹಾದು, ಹತ್ತಿರದ ಊರುಗಳಾದ್ದರಿಂದ ಕಪ್ಪು ಚುಕ್ಕೆಯ ಹಾಗೆ ಕಾಣುತ್ತಿದ್ದವು. ಮುದ್ರಣದ ದೋಷವೇನೋ ಎಂದು ಸದಸ್ಯರೊಬ್ಬರು ಬೆರಳಿನಿಂದ ಉಜ್ಜಿ ನೋಡಿದರು.

"ಎರಡರಲ್ಲಿ ಯಾವುದು ಸರಿ?" ಎಂದು ನಿರ್ದೇಶಕಿಯವರು ಕೇಳಿದರು.

"ಎರಡೂ ಸರಿ ಮೇಡಂ" ಎಂದೆ. "ಮೊದಲನೇದರಲ್ಲಿ ವಿಳಾಸಗಳನ್ನ ಎಣಿಸಿದ್ದೀವಿ. ಎರಡನೇದರಲ್ಲಿ ಜನರನ್ನ."

ಹೊರಗಿನಿಂದ ಬಂದಿದ್ದ ಸದಸ್ಯರೊಬ್ಬರು ನೇರವಾಗಿ ಕೇಳಿದರು: "ಕ್ಲಿನಿಕ್‌ಗಳನ್ನ ಉಳಿಸೋಕೆ ಅಂತಲೇ ಇದನ್ನ ಮಾಡಿದ್ರಾ?"

ನಾನು ಉತ್ತರ ಕೊಡುವ ಮೊದಲೇ ವೆಂಕಟರಮಣಯ್ಯನವರು ಎದ್ದು ನಿಂತರು. ಸಭೆಗಳಲ್ಲಿ ಅವರು ಕೂತೇ ಮಾತಾಡುತ್ತಿದ್ದವರು.

"ಉಳಿಸೋಕೆ ಮಾಡಿದ್ರೆ ನಮ್ಮ ವಿದೇಶದ ಗೆರೆಗಳನ್ನ ನಾವೇ ಅಳಿಸ್ಕೊಂಡು ಬರ್ತಿರಲಿಲ್ಲ ಸಾರ್. ಒಂದೇ ವಿಳಾಸ ಅಂತ ಆದೇಶ ಮಾಡ್ಸಿದ್ದು ನಾನು. ಅದು ಲೆಕ್ಕ ಇಡೋರಿಗೆ ಸುಲಭ ಆಗ್ಲಿ ಅಂತ. ಕ್ಲಿನಿಕ್ ಮುಚ್ಚೋರಿಗೆ ಸುಲಭ ಆಗ್ಲಿ ಅಂತ ಅಲ್ಲ."

ನಿರ್ದೇಶಕಿಯವರು ಹೊಸ ನಕ್ಷೆಯನ್ನು ತಮ್ಮ ಕಡೆ ಎಳೆದುಕೊಂಡು, ಆ ಚುಕ್ಕೆಯೊಳಗೆ ಏನು ಕೆಲಸ ನಡೆಯುತ್ತಿದೆ ಎಂದು ಕೇಳಿದರು. ನಾನು ಕೆಂಚಾರ್ಲಹಳ್ಳಿಯ ಹೆಂಗಸಿನ ಹೆಸರು ಹೇಳದೆ, ನಿದ್ದೆಯ ಪ್ರಶ್ನೆ ಮತ್ತು ಅದಕ್ಕೆ ಸಿಕ್ಕ ಉತ್ತರ ಹೇಳಿದೆ. ಸದಸ್ಯರು ನಕ್ಕರು. ಆಮೇಲೆ ಎರಡು ಸಲ ಕೇಳುವುದು ಏಕೆ ಎಂದು ವಿವರಿಸಿದೆ. ಆಗ ಯಾರೂ ನಗಲಿಲ್ಲ. ಹೊರಗಿನ ಸದಸ್ಯರು ಟಿಪ್ಪಣಿ ಮಾಡಿಕೊಂಡರು.

ಡಿಸೆಂಬರಿನಲ್ಲಿ ತೀರ್ಮಾನ ಬಂತು. ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ಕ್ಲಿನಿಕ್‌ಗಳು ಎಂದಿನಂತೆ ಮುಂದುವರಿಯಬೇಕು. ಅಲ್ಲಿನ ಹುದ್ದೆಗಳನ್ನು ಮತ್ತೆ ಪರಿಶೀಲಿಸಿ ಆದೇಶ ಹೊರಡಿಸಲಾಗುವುದು. ಗೌರಿಬಿದನೂರಿನವರು ಅಷ್ಟರಲ್ಲಿ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿ ರಾಜೀನಾಮೆ ಕೊಟ್ಟಿದ್ದರು. ಆ ಕ್ಲಿನಿಕ್ ತಿಂಗಳಿಗೆ ಒಂದು ದಿನಕ್ಕೆ ಇಳಿಯಿತು. ಲೇಖನಗಳಲ್ಲಿ ಸಂಸ್ಥೆಯ ವಿಳಾಸದ ಜೊತೆ ಕ್ಲಿನಿಕ್ ಇರುವ ಊರನ್ನೂ ಬರೆಯಬಹುದು ಎಂದು ಸುತ್ತೋಲೆ ತಿದ್ದುಪಡಿಯಾಯಿತು. ತಿದ್ದುಪಡಿಯ ಕರಡು ಬರೆದವರು ವೆಂಕಟರಮಣಯ್ಯನವರೇ. ಎರಡು ಪೆನ್ನಿನಲ್ಲಿ ಒಂದು ಅವತ್ತು ಬರೆಯುತ್ತಿರಲಿಲ್ಲ, ಇನ್ನೊಂದರಲ್ಲಿ ಬರೆದರು.

ಆ ಸಂಜೆ ನಾಗವೇಣಿಗೆ ಫೋನ್ ಮಾಡಿದೆ.

"ಉಳೀತಾ ಅಕ್ಕ?"

"ಕ್ಲಿನಿಕ್ ಉಳೀತು. ನಿನ್ನ ಹುದ್ದೆ ಇನ್ನೂ ಪರಿಶೀಲನೆಯಲ್ಲಿದೆ."

"ಅಂದ್ರೆ ಅಂಗಡಿ ಉಳೀತು, ಅಂಗಡಿಯವಳು ಗೊತ್ತಿಲ್ಲ."

"ಹಂಗೇ ಅಂದ್ಕೋ."

"ಇರ್ಲಿ. ನಾಳೆ ಬೆಳಿಗ್ಗೆ ಬಾಗಿಲು ತೆಗೀಬೇಕಲ್ಲ, ಈಗ ಮಲಗ್ತೀನಿ" ಎಂದು ಫೋನ್ ಇಟ್ಟರು.

ಕಳೆದ ವರ್ಷ ನಾನು ನಿವೃತ್ತಳಾದೆ. ಬೀಳ್ಕೊಡುಗೆಯಲ್ಲಿ ವಿಭಾಗದವರು ಹೊಸ ನಕ್ಷೆಗೆ ಕಟ್ಟು ಹಾಕಿಸಿ ಕೊಟ್ಟರು. ಅದು ನಮ್ಮ ಹಜಾರದಲ್ಲಿ ಬುದ್ಧನ ಚಿತ್ರದ ಪಕ್ಕದಲ್ಲಿದೆ. ಮನೆಗೆ ಬಂದವರು ಅದೇನೋ ವಿಮಾನದ ದಾರಿ ಎಂದುಕೊಳ್ಳುತ್ತಾರೆ. ನನ್ನ ಜಾಗಕ್ಕೆ ಬಂದ ಹುಡುಗಿ ಚುರುಕು. ನಾವು ಎರಡು ತಿಂಗಳು ಫೋನಿನಲ್ಲಿ ಮಾಡಿದ್ದನ್ನು ಅವಳು ಲೇಖಕರಿಗೆ ಪ್ರಶ್ನೆ ಕಳಿಸಿ ಒಂದು ವಾರದಲ್ಲಿ ಮುಗಿಸುತ್ತಾಳೆ. ಉತ್ತರ ಕೊಡದವರಿಗೆ ಮಾತ್ರ ಫೋನ್ ಮಾಡುತ್ತಾಳೆ, ಅವರಲ್ಲಿ ಪ್ರಾಧ್ಯಾಪಕರೇ ಹೆಚ್ಚು.

ಕಳೆದ ತಿಂಗಳ ಮೊದಲ ವಾರ ಮನಶ್ಶಾಸ್ತ್ರಜ್ಞರ ಹುದ್ದೆಗಳ ಆದೇಶ ಹೊರಬಿತ್ತು. ಫಯಾಜ್ ಅವರಿಗೆ ಶಿಡ್ಲಘಟ್ಟದ ಜೊತೆ ಗೌರಿಬಿದನೂರಿನ ಹೊಣೆಯನ್ನೂ ಕೊಡಲಾಗಿದೆ. ಅಲ್ಲಿಯ ಕ್ಲಿನಿಕ್ ಇನ್ನು ಪ್ರತಿ ಬುಧವಾರ ತೆರೆಯುತ್ತದೆ. ಚಿಕ್ಕಬಳ್ಳಾಪುರದ ಹುದ್ದೆಯಲ್ಲಿ ಬದಲಾವಣೆ ಇಲ್ಲ. ನಾಗವೇಣಿಯವರನ್ನು ಚಿಂತಾಮಣಿಯಲ್ಲೇ ಕಾಯಂ ಮಾಡಲಾಗಿದೆ. ಬೆಳಿಗ್ಗೆ ಎಂದಿನಂತೆ ಬಾಗಿಲು ತೆಗೆದಿದ್ದ ಅವರು ಅದೇ ದಿನ ಮಧ್ಯಾಹ್ನ ಕಾಯಂ ಹುದ್ದೆಯ ಕರ್ತವ್ಯಕ್ಕೆ ಹಾಜರಾದರು.